ಮುತ್ತಾತನ ಹಿತ್ತಾಳೆ ಬಿಲ್ಲೆ

ನಮ್ಮ ಮನೆತನದ ಹೆಣ್ಣುಮಕ್ಕಳು ಚಿನ್ನ ಹಾಕುವುದಿಲ್ಲ. ಕಿವಿ ಚುಚ್ಚಿಸುತ್ತಾರೆ, ತೂತು ಮುಚ್ಚಿಹೋಗದಂತೆ ಬೇವಿನ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. ಮದುವೆಯಾಗಿ ಬಂದ ನನ್ನ ಹೆಂಡತಿ ತನ್ನ ಮಟ್ಟಿಗೆ ಈ ಕಾನೂನನ್ನು ಮೊದಲ ವಾರವೇ ರದ್ದು ಮಾಡಿದಳು. ಉಳಿದವರಿಗೆ ಅದು ಜಾರಿಯಲ್ಲೇ ಇತ್ತು.

ಕಾರಣ ನನ್ನ ಮುತ್ತಾತ. ಕೋಲಾರದ ಸೀಮೆಯಲ್ಲಿ ಚಿನ್ನ ಸಿಕ್ಕಿತೆಂದು ಜನ ನೇಗಿಲು ಬಿಟ್ಟು ಓಡಿದ ಕಾಲದಲ್ಲಿ ಆತನೂ ಓಡಿ ಗಣಿಗೆ ಇಳಿದ. ಒಂದು ದಿನ ಪಾಳಿ ಮುಗಿಯುವ ಮೊದಲೇ ಮನೆಗೆ ಬಂದು ಕೂತ. “ಕೆಲಸ ಹೋಯ್ತು. ತಪ್ಪು ನಂದೇ” ಎಂದ. ಸಾಯುವವರೆಗೂ ಆ ವಿಷಯದಲ್ಲಿ ಇನ್ನೊಂದು ಮಾತಾಡಲಿಲ್ಲ. ಚಿನ್ನದ ಗಣಿಯಲ್ಲಿ ತಪ್ಪು ಎಂದರೆ ಊರಿಗೆ ಹೊಳೆಯುವುದು ಒಂದೇ. ಮುತ್ತಜ್ಜಿ ತವರಿನಿಂದ ತಂದ ಓಲೆಯನ್ನು ಅವತ್ತೇ ಬಿಚ್ಚಿಟ್ಟಳಂತೆ, ನೋಡಿದವರು ಗಣಿಯ ಚಿನ್ನ ಅಂದಾರು ಎಂದು.

ಆತನ ಮೊಮ್ಮಗಳು, ಎಂಬತ್ತು ದಾಟಿದ ನನ್ನ ಸೋದರತ್ತೆ, ಕಳೆದ ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ಕೊಲ್ಲಿ ದೇಶಕ್ಕೆ, ಗುಫೂಲ್‌ನ ನಮ್ಮ ಫ್ಲ್ಯಾಟಿಗೆ ಬಂದರು. ಹೆಂಡತಿ ಅವರನ್ನು ಮನಾಮದ ಚಿನ್ನದ ಪೇಟೆಗೆ ಕರೆದೊಯ್ದಳು. ಅತ್ತೆ ಇಡೀ ಬೀದಿಯನ್ನು ತಮ್ಮ ಚಪ್ಪಲಿ ನೋಡಿಕೊಂಡೇ ದಾಟಿದರು.

“ಅಂಗಡಿಯೋನು ಮುಖ ನೋಡಿದ್ರೆ ಸಾಕು ಕಣೋ, ಕಳ್ಳನ ಮೊಮ್ಮಗಳು ಅಂತ ಗೊತ್ತಾಗೋಗುತ್ತೆ” ಎಂದರು ನನಗೆ. “ನೀನು ಲೋಹದ ಕಂಪನೀಲಿ ಇದೀಯ. ಗಣಿಯೋರ ದಫ್ತರ ಎಲ್ಲಾದ್ರೂ ಇರುತ್ತೆ. ತಾತ ಕದ್ದಿದ್ನೋ ಇಲ್ವೋ ನೋಡ್ಸು. ತಿಳ್ಕೊಂಡು ಸಾಯ್ತೀನಿ.”

ಅಸ್ಕರ್‌ನ ಕಾರ್ಖಾನೆಯಲ್ಲಿ ನನ್ನ ಉಸ್ತುವಾರಿಯಲ್ಲಿರುವುದು ಅಲ್ಯೂಮಿನಿಯಂ. ಅದನ್ನು ಕದಿಯಬೇಕಾದರೆ ಕ್ರೇನ್ ತರಬೇಕು. ಆದರೂ ವಂಶದ ಮಾನದ ಪ್ರಶ್ನೆ. ಗಣಿಯೂರಿನಲ್ಲಿ ಹಳೆಯ ರಿಜಿಸ್ಟರುಗಳ ಫೋಟೋ ತೆಗೆದಿಟ್ಟುಕೊಂಡಿರುವ ಒಬ್ಬ ನಿವೃತ್ತ ಮೇಷ್ಟ್ರನ್ನು ಪತ್ತೆ ಹಚ್ಚಿ, ಮುತ್ತಾತನ ಹೆಸರು ಕಳಿಸಿದೆ.

ಮೂರನೇ ದಿನ ಫೋನಿಗೆ ಒಂದು ಪುಟ ಬಂತು. ಚಿನ್ನ ಕದ್ದು ಸಿಕ್ಕಿಬಿದ್ದವರ ಪಟ್ಟಿ. ನಡುವೆ, ಚೆಂದದ ಇಂಗ್ಲಿಷ್ ಅಕ್ಷರದಲ್ಲಿ, ಅದೇ ಹೆಸರು.

ಅತ್ತೆಗೆ “ಇನ್ನೂ ಹುಡುಕ್ತಿದಾರೆ” ಎಂದೆ. ನಾಲ್ಕು ದಿನ ಅದನ್ನೇ ಹೇಳಿದೆ. ಊಟಕ್ಕೆ ಕೂತಾಗ ಅವರ ಕಿವಿಯ ಕಡೆ ನೋಡದೆ ಸಾರು ಕಲಸಿಕೊಂಡೆ. ವೀಸಾ ಮುಗಿಯಲು ಎರಡು ವಾರವಿತ್ತು. ಎರಡು ವಾರ ಸುಳ್ಳು ಹೇಳುವುದು ನನ್ನ ಯೋಗ್ಯತೆಗೆ ಮೀರಿದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಐದನೇ ದಿನ ಮೇಷ್ಟ್ರೇ ಫೋನ್ ಮಾಡಿದರು. “ಸ್ವಾಮಿ, ಹೆಸರು ನೋಡಿ ಗಾಬರಿ ಆಗಬೇಡಿ. ಆ ಹೆಸರಿನೋರು ಗಣೀಲಿ ಬೇಕಾದಷ್ಟು ಜನ. ಅಲ್ಲಿ ಮನುಷ್ಯ ಅಂದ್ರೆ ಬಿಲ್ಲೆ ನಂಬರು. ಇಳಿಯೋವಾಗ ಕೊಡ್ತಿದ್ರು, ಮೇಲೆ ಬಂದ್ಮೇಲೆ ವಾಪಸ್ ತಗೋತಿದ್ರು. ನಿಮ್ಮ ಹತ್ರ ನಂಬರ್ ಇದೆಯೋ?”

ಅತ್ತೆಯನ್ನು ಕೇಳಿದೆ. ಅವರು ಸೊಂಟದ ಎಲೆಯಡಿಕೆ ಸಂಚಿಯಿಂದ ಸವೆದ ಹಿತ್ತಾಳೆ ಬಿಲ್ಲೆಯೊಂದನ್ನು ತೆಗೆದರು. ಕೆಲಸ ಹೋದ ದಿನದ ಗಡಿಬಿಡಿಯಲ್ಲಿ ಮುತ್ತಾತ ಹಿಂದಿರುಗಿಸಲು ಮರೆತದ್ದು.

“ಇದೂ ಕದ್ದಿದ್ದೇ ಅಲ್ವೇನೋ?” ಎಂದರು ಮೆಲ್ಲಗೆ.

ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಬೆಳಿಗ್ಗೆ ಉತ್ತರ ಬಂತು. ಪಟ್ಟಿಯಲ್ಲಿದ್ದ ಕಳ್ಳನ ಬಿಲ್ಲೆ ನಂಬರೇ ಬೇರೆ. ನಮ್ಮ ನಂಬರು ಇನ್ನೊಂದು ಪುಟದಲ್ಲಿತ್ತು. ಇಂಥ ದಾಖಲೆಯನ್ನು ಕೂತು ಓದಬಾರದೆಂದು ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕನ್ನಡದಲ್ಲಿ ಓದಿದೆ: “ಕೆಲಸದ ವೇಳೆಯಲ್ಲಿ ನಿದ್ರೆ. ಮೂರನೆಯ ಸಲ. ವಜಾ.”

“ನಿದ್ದೇನಾ?” ಎಂದರು ಅತ್ತೆ.

“ನಿದ್ದೆ.”

“ಮೂರು ಸಲಾನಾ?”

“ರಿಜಿಸ್ಟರ್ ಹಾಗಂತ ಹೇಳುತ್ತೆ.”

“ಥೂ, ಅದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ಆ ಮುದುಕನಿಗೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುತ್ತಲೇ ನಗತೊಡಗಿದರು. ಅಡುಗೆಮನೆಯಿಂದ ಹೆಂಡತಿ, “ಇವರ ಶುಕ್ರವಾರದ ನಿದ್ದೆ ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು ಬಿಡಿ ಅತ್ತೆ” ಎಂದಳು. ಎದೆಯ ಮೇಲಿನ ಕಲ್ಲು ಇಳಿದವನಿಗೆ ಯಾರು ಏನಂದರೂ ಹಿತವೇ.

ಅವತ್ತು ಸಂಜೆ ಅತ್ತೆ ಚಿನ್ನದ ಪೇಟೆಯಲ್ಲಿ ಪ್ರತಿ ಅಂಗಡಿಯ ಗಾಜಿನ ಮುಂದೆಯೂ ನಿಂತರು. ಕೊನೆಗೆ ಕಡಲೆಕಾಳಿನಷ್ಟು ಪುಟ್ಟ ಓಲೆ ಆರಿಸಿ, ಬೇವಿನ ಕಡ್ಡಿಗಳನ್ನು ತಾವೇ ಕಿತ್ತು ನನ್ನ ಕೈಗಿಟ್ಟರು.

“ರಸೀದಿ ಕೊಡ್ತಾರೇನೋ?”

“ಕೊಡ್ತಾರೆ ಅತ್ತೆ.”

“ನನ್ನ ಹೆಸರಲ್ಲಿ ಬರೆಸು.”

ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಹುಡುಗಿ ಕೇಳಿದ್ದು ಪಾಸ್‌ಪೋರ್ಟ್ ಮಾತ್ರ. ಅತ್ತೆ ಅದರ ಮೇಲೆ ರಸೀದಿಯನ್ನೂ ಬಿಡಿಸಿಟ್ಟು, ಕುತ್ತಿಗೆ ತಿರುಗಿಸಿ, ಮೊದಲು ಎಡಗಿವಿ ತೋರಿಸಿದರು, ಆಮೇಲೆ ಬಲಗಿವಿ. ಹುಡುಗಿ ರಸೀದಿಯನ್ನು ಪೂರ್ತಿ ಓದಿ, “ಬಹುತ್ ಅಚ್ಛಾ ಹೈ, ಆಂಟಿ” ಎಂದಳು. ಅತ್ತೆ ಅದನ್ನು ಮಡಿಸಿ, ಸಂಚಿಯಲ್ಲಿ ಬಿಲ್ಲೆಯ ಪಕ್ಕಕ್ಕೆ ಸೇರಿಸಿ, ತಲೆಯೆತ್ತಿಕೊಂಡು ಒಳಗೆ ನಡೆದರು.