ಡಾಕ್ಟ್ರು ಮಾತಾಡುತ್ತಿದ್ದ ಹೊತ್ತು

ಕಾಪು ಪೇಟೆಯಲ್ಲಿ ನನ್ನ ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಹಲ್ಲಿನ ಡಾಕ್ಟ್ರ ಕ್ಲಿನಿಕ್ ಇತ್ತು. ಅಲ್ಯೂಮಿನಿಯಂ ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರಿ ಅಂಗಡಿಯವರೆಗೆ ಬಂದವನು ನಾನು. ನಾನು ಬರುವಾಗಲೇ ಅವರು ಅಲ್ಲಿ ಹಳಬರು. ಕಾರ್ಕಳದ ಕಡೆಯವರು. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಊರಿಗೆ ಹೋಗುವುದೂ ನಿಂತಿತ್ತು. ಬೆಳಿಗ್ಗೆ ನಾನು ನಮಸ್ಕಾರ ಅಂದರೆ ಗೋಣು ಹಾಕಿ ಮೆಟ್ಟಿಲು ಹತ್ತುವರು, ಅಷ್ಟೇ. ದಿನವಿಡೀ ಗಿರಾಕಿಗಳೊಟ್ಟಿಗೆ ಬಾಯಿ ಒಣಗಿಸಿಕೊಳ್ಳುವ ನನಗೆ ಅದು ಅಹಂಕಾರ ಎಂದೇ ಕಂಡಿತ್ತು.

ಮದುವೆ ಸೀಸನ್ನಿನ ನಡುವೆ ನನ್ನ ದವಡೆ ಹಲ್ಲು ಕೈಕೊಟ್ಟಿತು. ತೆಗೆಯಲೇಬೇಕು ಎಂದರು. ನಾನು ಚೌಕಾಸಿಗೆ ಇಳಿದೆ: ತುಂಬಿಸಿದರೆ ಆಗುವುದಿಲ್ಲವಾ, ಸೀಸನ್ ಮುಗಿಯಲಿ, ಒಂದು ಮೂಲೆಯನ್ನಾದರೂ ಉಳಿಸಿ. ಎಲ್ಲ ಕೇಳಿಸಿಕೊಂಡು ಬಾಯಿ ತೆರೆಯಲು ಹೇಳಿದರು. ನಾನು ತೆರೆದೆ, ಅವರು ಶುರು ಮಾಡಿದರು.

"ವ್ಯಾಪಾರ ಹೇಗುಂಟು? ಪರವಾಗಿಲ್ಲ ಅಲ್ವಾ, ಮದುವೆ ಕಾಲ. ನಮ್ಮ ತಾಯಿಗೆ ಹಿತ್ತಾಳೆ ಕೊಡಪಾನವೇ ಆಗಬೇಕಿತ್ತು ಮಾರಾಯ್ರೆ, ಸ್ಟೀಲು ಅಂದರೆ ಮುಖ ತಿರುಗಿಸುತ್ತಿದ್ದರು. ನಿಮ್ಮ ಮನೆಯಲ್ಲಿ? ಸ್ಟೀಲೇ ಇರಬೇಕು."

ಪ್ರಶ್ನೆ ಅವರದು, ಉತ್ತರವೂ ಅವರದೇ. ತಾಯಿ ಮಾಡುತ್ತಿದ್ದ ಹಲಸಿನ ಹಪ್ಪಳ, ಮಣಿಪಾಲದಲ್ಲಿ ಓದುವಾಗ ಹಾಸ್ಟೆಲಿನ ಕಿಟಕಿಯಿಂದ ದೂರದಲ್ಲಿ ಕಾಣುತ್ತಿದ್ದ ಸಮುದ್ರ, ಒಬ್ಬನಿಗೇ ಅನ್ನ ಬೇಯಿಸಿದರೆ ಯಾವಾಗಲೂ ಮಿಕ್ಕುವುದು, ಎಲ್ಲವೂ ಬಂತು. ಹಲ್ಲು ಯಾವಾಗ ಕಿತ್ತರೋ ನನಗೆ ಗೊತ್ತಾಗಲಿಲ್ಲ. ಹತ್ತಿ ಕಚ್ಚಿಸಿ, ಕೈ ತೊಳೆಯಲು ಹೋದವರು ತಿರುಗಿ ಬರುವಾಗ ಮತ್ತೆ ಮೂಕ.

ನನಗೊಬ್ಬನಿಗೇ ಅಲ್ಲ, ಎಲ್ಲರಿಗೂ ಹಾಗೆಯೇ. ಮೀನು ಮಾರುವ ಹೆಂಗಸೊಬ್ಬಳು ಒಮ್ಮೆ ನನ್ನ ಅಂಗಡಿಯಲ್ಲಿ ಬುಟ್ಟಿ ಇಳಿಸಿ, "ನನ್ನ ಗಂಡ ಇಡೀ ವರ್ಷಕ್ಕೆ ಅಷ್ಟು ಮಾತಾಡಿದ್ದಿಲ್ಲ. ಒಂದು ಜವಾಬು ಕೊಡುವ ಅಂದರೆ ಬಾಯಿಯೊಳಗೆ ಇಕ್ಕಳ" ಎಂದು ನಗಾಡಿದಳು.

ಆಮೇಲೆ ಕಾಲ ಬದಲಾಯಿತು. ಮಣಿಪಾಲದ ಕಡೆಯಿಂದ ಹಲ್ಲು ನೋಡುವ ಶಿಬಿರಗಳು ಊರೂರಿಗೆ ಬಂದವು, ಉಡುಪಿಯಲ್ಲಿ ಏಸಿ ಕ್ಲಿನಿಕ್ಕುಗಳಾದವು. ಇವರಿಗೆ ಸೊಂಟ ನೋವು, ಬಗ್ಗಿ ನಿಲ್ಲಲು ಆಗುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಸಲಹೆ ಕೊಡುವುದು ನನ್ನ ಜಾಯಮಾನ. ಶಿರ್ವದ ಕಡೆಯ ಹುಡುಗಿ ಒಬ್ಬಳು ಹೊಸದಾಗಿ ಹಲ್ಲಿನ ಡಾಕ್ಟರಾಗಿದ್ದಾಳೆ, ಕ್ಲಿನಿಕ್ ಅವಳಿಗೆ ಕೊಟ್ಟು ಆರಾಮಾಗಿರಿ ಎಂದೆ. ತುಂಬ ದಿನದ ಮೇಲೆ ಅವರು ಒಪ್ಪಿದರು. ಕೇಳಿದ್ದು ಒಂದೇ, ಬಂದು ಕೂರಲು ಜಾಗ ಇರಬೇಕು ಅಂತ. ಆ ಮಾತನ್ನೂ ಆ ಹುಡುಗಿಯಿಂದ ನಾನೇ ಪಡೆದುಕೊಂಡೆ. ಒಳ್ಳೆಯ ವ್ಯವಹಾರ ಕುದುರಿಸಿದೆ ಎಂದು ನನಗೆ ಹೆಮ್ಮೆ.

ಡಾಕ್ಟ್ರು ದಿನಾ ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಬಂದು ಕೂರತೊಡಗಿದರು. ಅಲ್ಲಿ ಕಾಯುವವರಿಗೆ ಬಾಯಿ ಖಾಲಿ ಅಲ್ವಾ, ಅವರೇ ಇವರನ್ನು ಕೇಳುತ್ತಿದ್ದರು: ಅಡುಗೆ ಯಾರು ಮಾಡುತ್ತಾರೆ, ಮನೆಯಲ್ಲಿ ಯಾರುಂಟು. ಇವರು ಪೇಪರ್ ಎತ್ತಿ ಮುಖಕ್ಕೆ ಹಿಡಿಯುವರು. ಒಳಗೆ ಡ್ರಿಲ್ಲಿನ ಶಬ್ದ ಕೇಳಿದರೆ ಮಾತ್ರ ಪೇಪರ್ ಕೆಳಗಿಳಿಯುತ್ತಿತ್ತು. ಕ್ರಮೇಣ ಬೆಂಚು ಬಿಟ್ಟು ನನ್ನ ಅಂಗಡಿಯ ಬಾಗಿಲಲ್ಲಿ ನಿಲ್ಲತೊಡಗಿದರು. ಚಾ ತರಿಸಿದರೆ ಕುಡಿಯುವರು, ತುಟಿ ಬಿಚ್ಚುತ್ತಿರಲಿಲ್ಲ. ಅಂಗಡಿಯನ್ನೋ ಕ್ಲಿನಿಕ್ಕನ್ನೋ ಬಿಟ್ಟುಕೊಡಲು ಹೊರಟವರಿಗೆ ನಾನು ಈಗ ಹೇಳುವುದುಂಟು: ದುಡ್ಡಿನ ವಿಚಾರ ಆಮೇಲೆ ನೋಡುವ, ನಿಮ್ಮ ಮಾತುಕತೆ ಯಾರೊಟ್ಟಿಗೆ, ಅದನ್ನು ಮೊದಲು ಹೇಳಿ.

ಆಗ ನನಗೆ ಹೊಳೆದದ್ದು ಬೇರೆ. ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ ನನ್ನ ಕೆಲಸದವನು ಗಲ್ಫಿಗೆ ಹೋಗಿದ್ದ. ಕೊರೆಯುವುದು ಕರೆಂಟಿನ ಸಣ್ಣ ಮಿಷನ್ನಿನಲ್ಲಿ, ಗುಂಯ್ ಎನ್ನುತ್ತದೆ, ಥೇಟ್ ಅವರ ಡ್ರಿಲ್ಲಿನ ಹಾಗೆ. ಕೂತು ಮಾಡುವ ಕೆಲಸ, ಸೊಂಟಕ್ಕೂ ತೊಂದರೆ ಇಲ್ಲ. ಎದುರಿಗೆ ಗಿರಾಕಿ ನಿಂತಿರುತ್ತಾರೆ, ಆ ಶಬ್ದದಲ್ಲಿ ಅವರ ಮಾತು ಕೇಳಿಸುವುದೂ ಇಲ್ಲ. ಇವರಿಗೆ ಇನ್ನೇನು ಬೇಕು? ಹೊತ್ತು ಹೋಗಲಿ ಎಂದು ಪುಸಲಾಯಿಸಿ ಕೂರಿಸಿದೆ.

ಅಂಬಲಪಾಡಿಯಿಂದ ಮಗಳ ಮದುವೆಯ ಪಾತ್ರೆಗೆ ಒಬ್ಬರು ಅಮ್ಮ ಬಂದಿದ್ದರು. ಡಾಕ್ಟ್ರು ಕನ್ನಡಕ ಸರಿಮಾಡಿಕೊಂಡು ತಟ್ಟೆಯ ಅಂಚಿನಲ್ಲಿ ಹೆಸರು ಕೊರೆದರು. ಅಕ್ಷರ ಮುತ್ತಿನ ಹಾಗೆ ಬಂತು. ಬಾಯಿ ಮಾತ್ರ ಬಿಡಲಿಲ್ಲ. ನನಗೆ ತಡೆಯಲಿಲ್ಲ.

"ಎಂತಾದರೂ ಮಾತಾಡಿ ಡಾಕ್ಟ್ರೆ. ಇವರ ತವರು ನಿಮ್ಮ ಕಾರ್ಕಳವೇ ಅಂತೆ."

ಅವರು ಮಿಷನ್ ನಿಲ್ಲಿಸಿದರು. ತಟ್ಟೆಯ ಮೇಲಿನ ಪುಡಿಯನ್ನು ಬೆರಳಿನಿಂದ ಮೆಲ್ಲಗೆ ಒರೆಸಿದರು.

"ಇದಕ್ಕೆ ನೋವಾಗುವುದಿಲ್ಲ ಅಲ್ವಾ. ಎಂತ ಮಾತಾಡುವುದು?"

ಆ ಅಮ್ಮ ನಕ್ಕರು. ಗಿರಾಕಿ ನಕ್ಕಾಗ ನಗುವುದು ನನಗೆ ಅಭ್ಯಾಸ, ನಾನೂ ನಕ್ಕೆ. ಡಾಕ್ಟ್ರು ಉಳಿದ ತಟ್ಟೆಗಳನ್ನೂ ಮುಗಿಸಿ, ವಯರ್ ಸುತ್ತಿಟ್ಟು ಹೋದರು.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಂಗಡಿಯನ್ನು ಹೆಂಡತಿಗೆ ನೋಡಿಕೊಳ್ಳಲು ಹೇಳಿ ಅವರ ಬಾಡಿಗೆ ಮನೆಗೆ ಹೋದೆ. ಬಾಗಿಲು ತೆರೆದು ನನ್ನನ್ನು ಕಂಡದ್ದೇ ಅವರ ಮುಖ ಒಂದು ಗಳಿಗೆ ಹಿಂದೆ ಹಲ್ಲು ಕೀಳುವಾಗಿನ ಹಾಗೆ ಅರಳಿತು.

"ಎಂತ, ಹಲ್ಲು ನೋವಾ?"

ಇಲ್ಲದ್ದನ್ನು ಉಂಟು ಎಂದು ಹೇಳಿಯೇ ವ್ಯಾಪಾರ ಮಾಡಿದವನು ನಾನು. ಅಲ್ಲಿ ಅದು ಬಾಯಿಗೆ ಬರಲಿಲ್ಲ. ಇಲ್ಲ, ಸುಮ್ಮನೆ ಬಂದೆ ಎಂದೆ.

ಅವರು ಗೋಣು ಹಾಕಿದರು. ನನಗೊಂದು ಕುರ್ಚಿ ಎಳೆದು ಕೊಟ್ಟು, ತಾವು ಕಿಟಕಿಯ ಕಡೆ ತಿರುಗಿ ಕೂತರು.