ಮರ ಬರೆಯಲು ಹೋದದ್ದು

ಪ್ರಕೃತಿಗೂ ನನಗೂ ಮಾತುಕತೆ ನಿಂತು ಬಹಳ ವರ್ಷಗಳಾಗಿದ್ದವು. ಜಗಳವೇನಿಲ್ಲ, ಸುಮ್ಮನೆ ಪುರುಸೊತ್ತಿರಲಿಲ್ಲ. ನನ್ನ ಬಿ.ಪಿ. ನೋಡಿ ಗಾಬರಿಯಾದ ಡಾಕ್ಟರು, "ಹೊರಗೆ ಕೂತು ಚಿತ್ರಗಿತ್ರ ಬರೀರಿ, ಪ್ರಕೃತಿ ಹತ್ತಿರವಾಗುತ್ತೆ" ಎಂದರು. ಚಿತ್ರದುರ್ಗದವನಾಗಿ ಚಿತ್ರ ಬರುವುದಿಲ್ಲ ಎನ್ನಲು ನಾಚಿಕೆಯಾಗಿ ಒಂದು ಬಣ್ಣದ ಡಬ್ಬಿ ಕೊಂಡೆ.

ಮೊದಲು ಮನೆಯಲ್ಲೇ ಕೂತು ಕೋಟೆಯ ಬಂಡೆಗಳನ್ನು ಬರೆದೆ. ಹೆಂಡತಿ ಬಗ್ಗಿ ನೋಡಿ, "ಆಲೂಗಡ್ಡೆ ಚೆನ್ನಾಗಿ ಬಂದಾವೆ ಕಣ್ರೀ" ಅಂದಳು. ಇಂಥ ವಿಮರ್ಶಕರ ಕಣ್ಣಿಗೆ ಬೀಳಬಾರದೆಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಭರಮಸಾಗರಕ್ಕೆ ಹೋದೆ.

ಕೆರೆಯ ಹತ್ತಿರ, ರಸ್ತೆಯ ಬದಿಗೆ ಒಂದು ಹುಣಸೆ ಮರ. ಅದರ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು ಬೇಯಿಸಿದ ಶೇಂಗಾ ಮಾರುವ ತಿಪ್ಪಮ್ಮಜ್ಜಿ. ಹೆಸರು ಆಮೇಲೆ ತಿಳಿದದ್ದು. ಮೊದಲು ತಿಳಿದದ್ದು ಆಕೆಯ ಗಂಟಲು. ನಾನು ಎದುರಿಗೆ ಸ್ಟೂಲು ಹಾಕಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈ ಚಾಚಿ ಮರದ ಎತ್ತರ ಅಳೆದೆ. ದೊಡ್ಡ ಕಲಾವಿದರು ಹೀಗೆ ಮಾಡುತ್ತಾರೆ. ಯಾಕೆ ಮಾಡುತ್ತಾರೋ ನನಗೆ ಗೊತ್ತಿಲ್ಲ. ಮರದ ರೂಪು ಎಳೆದುಕೊಂಡು, ಚಿಗುರು ಕೆಂಪಗಿದೆಯಲ್ಲ ಎಂದು ಕುಂಚವನ್ನು ಕೆಂಪು ಬಣ್ಣಕ್ಕೆ ಅದ್ದಿದೆ.

"ಏನಪ್ಪಾ, ಏನ್ ಮಾಡ್ತಿದೀಯ ಅಲ್ಲಿ?"

"ಮರ ಬರೀತಿದೀನಿ ಅಜ್ಜಿ."

ಅಷ್ಟೇ. ಅಜ್ಜಿ ಶೇಂಗಾ ಅಳೆಯುವ ಸೇರು ಹಿಡಿದು ಎದ್ದೇಬಿಟ್ಟಳು. "ಬರೀತೀಯಾ? ಆ ಕಡೆ ಮರಗಳಿಗೆ ಬರ್ಕಂಡು ಹೋದೋರು ವಾರಕ್ಕೆ ಗರಗಸ ತಂದ್ರು. ಇದಕ್ಕೆ ನಂಬರ್ ಬರಿ, ನೋಡಾಣ!"

ರಸ್ತೆ ಅಗಲ ಮಾಡಲು ಕಡಿಯುವ ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಾರೆ. ಈ ನೆರಳು ಹೋದರೆ ಅಜ್ಜಿಯ ಅಂಗಡಿಯೂ ಹೋದಂತೆ. ತಪ್ಪು ನನ್ನೊಬ್ಬನದೇ ಅಲ್ಲ, ಕನ್ನಡದ್ದೂ ಇದೆ. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕಾದ ಕಬ್ಬಿಣದಿಂದ ಚರ್ಮಕ್ಕೆ ಎಳೆಯುವುದೂ ಬರೆಯೇ. ಪಂಡಿತರು ಇದರ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲರು. ಸೇರು ಎತ್ತಿದವಳ ಮುಂದೆ ನನಗೆ ಅಷ್ಟು ವ್ಯವಧಾನವಿರಲಿಲ್ಲ. ಹಾಳೆ ತೋರಿಸಿದೆ.

ಅಜ್ಜಿ ಹಾಳೆ ನೋಡಿದಳು, ಮರ ನೋಡಿದಳು. "ಇದು ಹೂಕೋಸಲ್ವಾ?"

ಸಿಟ್ಟು ಇಳಿದು ಪಾಠ ಶುರುವಾಯಿತು. ಈ ಕಡೆ ಕೊಂಬೆ ಇಲ್ಲವಂತೆ, ಗಾಳಿಗೆ ಮುರಿದಿದೆಯಂತೆ. ಮೇಲಿನ ಕಾಗೆ ಗೂಡು ಬಿಟ್ಟೇಹೋಗಿದೆಯಂತೆ. "ಪೊಟರೆಯಾಗೆ ಅಳಿಲೈತೆ, ಅದ್ನೂ ಬರಿ" ಎಂದಳು. ಕಾಣುತ್ತಿಲ್ಲವಲ್ಲ ಎಂದರೆ, "ಸುಮ್ನೆ ಕುಂತ್ಕಂಡು ನೋಡು, ಬರ್ತೈತೆ." ಕೂತೆ. ಬಂತು! ಬಾಲ ಎತ್ತಿಕೊಂಡು ಬಂದು, ನಾನು ಅಜ್ಜಿಯಿಂದ ಕೊಂಡಿದ್ದ ಪೊಟ್ಟಣದ ಶೇಂಗಾವನ್ನೇ ಎತ್ತಿಕೊಂಡು ಹೋಯಿತು. ಅಯ್ಯೋ, ನನಗಾದ ಸಂತೋಷ ಹೇಳತೀರದು. ಇಷ್ಟು ವರ್ಷ ಹುಣಸೆಹುಳಿಯ ಸಾರು ಸುರಿದುಕೊಂಡು ಉಂಡವನು ಹುಣಸೆ ಮರದ ಮುಖ ನೋಡಿದ್ದು ಅಂದೇ.

"ರಸ್ತೆ ಸಾಹೇಬ್ರಿಗೆ ನೀನೊಂದು ಮಾತು ಹೇಳಪ್ಪಾ" ಎಂದಳು ಅಜ್ಜಿ. ನನ್ನ ಮಾತನ್ನು ನಮ್ಮ ಆಫೀಸಿನ ಫ್ಯಾನೂ ಕೇಳುವುದಿಲ್ಲ ಎಂದು ಒಪ್ಪಿಕೊಂಡೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೋಗ್ಲಿ ಬಿಡು, ನೋಡಾಕೆ ಆಫೀಸರ್ ಇದ್ದಂಗೇ ಇದೀಯ. ವಾರ ವಾರ ಬಂದು ಕುಂತ್ಕ. ಬಣ್ಣದೋರು ಬಂದ್ರೆ, ಆಗ್ಲೇ ಒಬ್ರು ಬರೀತಾವ್ರೆ ಅಂತೀನಿ."

ಆರು ತಿಂಗಳಾಯಿತು. ಬಣ್ಣದವರು ಒಮ್ಮೆ ಬಂದೂ ಬಂದರು. ನಾನು ಯಾವುದೋ ದೊಡ್ಡ ಇಲಾಖೆಯವನೆಂದುಕೊಂಡು ನಮಸ್ಕಾರ ಹೊಡೆದು ಮುಂದೆ ಹೋದರು. ಮತ್ತೆ ಬರುವುದಿಲ್ಲವೆಂದು ಹೇಳಲಾಗದು. ನನ್ನ ಮರವೀಗ ಹೆಚ್ಚುಕಡಿಮೆ ಮರದಂತೆಯೇ ಕಾಣುತ್ತದೆ. ಇನ್ನು ನಾಲ್ಕು ಎಲೆ ಇಟ್ಟರೆ ಆಯಿತು. ಮೊನ್ನೆ ಭಾನುವಾರ, "ಇವತ್ತು ಮುಗಿಸಿಬಿಡ್ತೀನಿ ಅಜ್ಜಿ" ಎಂದೆ.

ಅಜ್ಜಿ ನನ್ನ ಕೈಯಿಂದ ಕುಂಚ ಕಿತ್ತುಕೊಂಡಳು. "ಮರಾನೇ ಇನ್ನಾ ಬೆಳ್ಯಾದು ಮುಗ್ಸಿಲ್ಲ, ನಿಂದೇನಪ್ಪಾ ಅರ್ಜೆಂಟು?"