ಡಬ್ಬದ ಹಣ್ಣಿನ ನೀರು

ಮಲ್ಲತ್ತಹಳ್ಳಿಯ ಕೆರೆ ಹಿಂದಿನ ಬೀದಿಯಲ್ಲಿ ಬಸ್ಸಾರು ಅಂದರೆ ಗಂಗಲಕ್ಷ್ಮಮ್ಮನವರದೇ. ಅಲಸಂದೆಕಾಳು, ದಂಟಿನಸೊಪ್ಪು ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಅಕ್ಕಪಕ್ಕದವರು ಮೂಗರಳಿಸುತ್ತಿದ್ದರು. ಕಾಳು ಬೆಂದ ನೀರನ್ನು ಸಿಂಕಿಗೆ ಸುರಿಯುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. "ಸತ್ವ ಎಲ್ಲಾ ನೀರಿಗೇ ಇಳಿದಿರತ್ತೆ ಕಣೇ. ಅದನ್ನೇ ಚೆಲ್ಲಿದ್ರೆ ಇನ್ನೇನು ತಿಂತೀರ?" ಎಂದು ಸೊಸೆ ಕಲಾಳಿಗೆ ಎಷ್ಟು ಸಲ ಹೇಳಿದ್ದರೋ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ ಕಟ್ಟು, ಗಂಜಿ ಕುಡಿಸಿಯೇ ಪಳಗಿದ ಕೈ ಅದು.

ಗಂಡ ಅಂಜಿನಯ್ಯ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಅಂಟಿಕೊಂಡು ವರ್ಷಗಳೇ ಆಗಿದ್ದವು. ಪಥ್ಯದ ವಿಷಯದಲ್ಲಿ ಗಂಗಲಕ್ಷ್ಮಮ್ಮ ಪೊಲೀಸಿನವರಿಗಿಂತ ಬಿಗಿ. ಕಾಫಿಗೆ ಸಕ್ಕರೆ ಇಲ್ಲ, ಹಬ್ಬದಲ್ಲಿ ಎಲೆಗೆ ಒಬ್ಬಟ್ಟಿಲ್ಲ. ಮೊಮ್ಮಗಳು ಧನ್ಯಶ್ರೀ ಕದ್ದು ಒಂದು ಚೂರು ಕೊಡಹೋದರೆ ತಾತ, ಮೊಮ್ಮಗಳು ಇಬ್ಬರಿಗೂ ಬೈಗುಳ. "ನಿಮ್ಮನ್ನ ಉಳಿಸ್ಕೊಳ್ಳೋಕೆ ನಾನು ಒದ್ದಾಡ್ತಿದ್ರೆ ನಿಮಗೆ ನಾಲಿಗೆ ಚಪಲ," ಎನ್ನುತ್ತಿದ್ದರು. ಗಂಡನನ್ನು ಉಳಿಸಿಕೊಳ್ಳಬೇಕು. ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಮಗ ರವಿಕುಮಾರ್ ನಾಯಂಡಹಳ್ಳಿಯ ಗೋಡೌನಿನಿಂದ ಬೇಕರಿಗಳಿಗೆ ಸರಕು ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಾನೆ. ಅಲ್ಲಿಂದ ಅನಾನಸ್, ಪೀಚ್, ಬೆರಕೆ ಹಣ್ಣಿನ ಡಬ್ಬಗಳು ಹೋಗುತ್ತವೆ. ಸ್ವಲ್ಪ ನೆಗ್ಗಿದರೂ ಬೇಕರಿಯವರು ಮುಟ್ಟುವುದಿಲ್ಲ, ಅವು ಕೆಲಸದವರ ಪಾಲು. ಹಾಗೆ ಮನೆಗೆ ಬಂದ ಮೊದಲ ಡಬ್ಬ ತೆರೆದಾಗ, ಪರಂಗಿಹಣ್ಣು ಕಂಡರೆ ಮುಖ ತಿರುಗಿಸುತ್ತಿದ್ದ ಧನ್ಯಶ್ರೀ ಬಟ್ಟಲು ನೆಕ್ಕಿದಳು. ಕಡ್ಡಿಯಂಥ ಮಗು ಹಣ್ಣು ತಿಂದಿತಲ್ಲ ಎಂದು ಅಜ್ಜಿಗೆ ಹಿಗ್ಗೋ ಹಿಗ್ಗು.

ಹೋಳುಗಳೆಲ್ಲ ಮಗುವಿನ ಹೊಟ್ಟೆಗೆ ಹೋದವು. ಡಬ್ಬದಲ್ಲಿ ಉಳಿದದ್ದು ನೀರು. ಹಣ್ಣು ತಿಂಗಳಾನುಗಟ್ಟಲೆ ನೆನೆದ ನೀರು! ಅದನ್ನು ಚೆಲ್ಲುವ ಹೆಂಗಸೇ ಗಂಗಲಕ್ಷ್ಮಮ್ಮ? ಲೋಟಕ್ಕೆ ಬಸಿದು ಗಂಡನಿಗೆ ಕೊಟ್ಟರು. ಹಣ್ಣು ತಿನ್ನಿ ಅಂತ ಡಾಕ್ಟರೇ ಹೇಳಿದ್ದರು. ಸಿಹಿಯಾಗಿದ್ದರೆ ಅದು ಹಣ್ಣಿನದೇ ಸಿಹಿ ಅಂದುಕೊಂಡರು. ವರ್ಷಗಟ್ಟಲೆ ಸಪ್ಪೆ ಕಾಫಿ ಕುಡಿದಿದ್ದ ಅಂಜಿನಯ್ಯ ಲೋಟ ಎತ್ತಿ ಗಟಗಟ ಇಳಿಸಿ, "ಚೆನ್ನಾಗಿದೆ ಕಣೇ," ಎಂದರು. ಆಮೇಲೆ ಡಬ್ಬ ಬಂದಾಗಲೆಲ್ಲ ಹೋಳು ಮಗುವಿಗೆ, ನೀರು ಅವರಿಗೆ.

ಬರಬರುತ್ತಾ ಅಂಜಿನಯ್ಯನವರಿಗೆ ಸುಸ್ತು, ಬಾಯಾರಿಕೆ ಹೆಚ್ಚಿತು. ನಿಶ್ಶಕ್ತಿ ಎಂದುಕೊಂಡ ಗಂಗಲಕ್ಷ್ಮಮ್ಮ ಮಗನಿಗೆ ಇನ್ನೆರಡು ಡಬ್ಬ ಜಾಸ್ತಿ ತರಲು ಹೇಳಿದರು. ಸುಸ್ತಾದಷ್ಟೂ ನೀರು, ನೀರು ಕುಡಿದಷ್ಟೂ ಸುಸ್ತು. ಚಪ್ಪಲಿ ಉಜ್ಜಿ ಹೆಬ್ಬೆರಳಲ್ಲಾದ ಗಾಯ ಆರಲೇ ಇಲ್ಲ. ಅರಿಶಿನ ಹಚ್ಚಿದರು, ಮುಲಾಮು ಹಚ್ಚಿದರು. ಬೆರಳು ಕಪ್ಪಾಗಿ ವಾಸನೆ ಹೊಡೆದಾಗ ಆಸ್ಪತ್ರೆಗೆ ಓಡಿದರು. ಮೊಣಕಾಲಿನ ಕೆಳಗೆ ಕಾಲು ಹೋಯಿತು. ಇನ್ನೊಂದು ಕಾಲಿನ ಭರವಸೆಯನ್ನೂ ಡಾಕ್ಟರು ಕೊಡಲಿಲ್ಲ.

ಪಥ್ಯ ಹೇಳಲು ವಾರ್ಡಿಗೆ ಬಂದ ಅಮೂಲ್ಯಾ ಎಂಬ ಹುಡುಗಿ ಏನೇನು ಕೊಡ್ತಿದ್ರಿ ಎಂದು ವಿಚಾರಿಸಿದಳು. ಗಂಗಲಕ್ಷ್ಮಮ್ಮ ಹಣ್ಣಿನ ನೀರಿನ ವಿಷಯ ಹೆಮ್ಮೆಯಿಂದಲೇ ಹೇಳಿದರು. ಹುಡುಗಿ ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟಳು.

"ಅದು ಸಕ್ಕರೆ ಪಾಕ, ಅಮ್ಮಾ. ಹಣ್ಣು ಕೆಡದೆ ಇರ್ಲಿ, ರುಚಿಯಾಗಿರ್ಲಿ ಅಂತ ಹಾಕಿರ್ತಾರೆ."

"ಸತ್ವ ಇಳಿದಿರಲ್ವಾ ಅದಕ್ಕೆ?"

"ಇಳಿದಿರತ್ತೆ, ಇಲ್ಲ ಅನ್ನಲ್ಲ. ಆದ್ರೆ ಲೋಟದ ತುಂಬ ಸಕ್ಕರೆ ಕುಡಿದಂಗೆ ಆಯ್ತಲ್ಲ. ಡಬ್ಬದ ಹಣ್ಣೇನು ಕೆಟ್ಟದ್ದಲ್ಲ. ಪಾಕ ಚೆಲ್ಲಿ, ನೀರಲ್ಲಿ ತೊಳೆದು ಕೊಟ್ರೆ ಮಕ್ಕಳಿಗೂ ಒಳ್ಳೇದು, ದೊಡ್ಡವರಿಗೂ ಒಳ್ಳೇದು. ಇವರಿಗೂ ಒಂದೆರಡು ಹೋಳು ನಡೀತಿತ್ತು."

ಅಂದರೆ ತಿನ್ನಬಹುದಾಗಿದ್ದನ್ನು ಕೊಟ್ಟಿರಲಿಲ್ಲ. ಚೆಲ್ಲಬೇಕಾಗಿದ್ದನ್ನು ಕೊಟ್ಟಿದ್ದರು. ಮಂಚದ ಮೇಲಿದ್ದ ಅಂಜಿನಯ್ಯ ಕಣ್ಣು ಮುಚ್ಚಿದ್ದರು, ಆದರೆ ನಿದ್ದೆ ಬಂದಿರಲಿಲ್ಲ. ಗಾಯ ಚಪ್ಪಲಿಯದು, ಕಾಯಿಲೆ ಹಳೆಯದು, ಪೂರ್ತಿ ನಿಮ್ಮ ತಪ್ಪಲ್ಲ ಎಂದು ಹುಡುಗಿ ಸಮಾಧಾನ ಹೇಳಿದಳು. ಎಂಥ ಸಮಾಧಾನ? ಯಾರೋ ವೈರಿ ಮಾಡಿದ್ದರೆ ಮಣ್ಣು ತೂರಿ ಶಪಿಸಬಹುದಿತ್ತು. ಇಲ್ಲಿ ಯಾರನ್ನು ಶಪಿಸುವುದು?

ಮನೆಗೆ ಬಂದ ಮೇಲೆ ಅಡುಗೆಯನ್ನು ಕಲಾ ವಹಿಸಿಕೊಂಡಳು. ಅಂಜಿನಯ್ಯ ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಮದುವೆಯಾದಾಗಿನಿಂದ ಆಕೆ ಬಡಿಸಿದ್ದನ್ನು ಇದೇನೆಂದು ಕೇಳದೆ ಉಂಡ ಮನುಷ್ಯ ಅವರು.

ಮೊನ್ನೆ ಮಧ್ಯಾಹ್ನ ಅವರಿಗೆ ಗಂಟಲು ಒಣಗಿ ಕೆಮ್ಮು ಬಂತು. ಗಂಗಲಕ್ಷ್ಮಮ್ಮ ಓಡಿಹೋಗಿ ಲೋಟ ತುಂಬಿ ತಂದು ಬಾಯಿಯ ಹತ್ತಿರ ಹಿಡಿದರು. ಅಂಜಿನಯ್ಯ ಲೋಟದೊಳಗೆ ಬಗ್ಗಿ ನೋಡಿದರು.

"ನೀರು ಕಣ್ರೀ. ಬರೀ ನೀರು."

ಅವರು ಕೆಮ್ಮುತ್ತಲೇ ಅಡುಗೆಮನೆಯ ಕಡೆ ತಿರುಗಿದರು.

"ಕಲಾ, ಇದನ್ನ ಕುಡೀಬಹುದೇನಮ್ಮಾ?"